ಕೇಬಲ್ಲಿನ ಆಚೆ ತುದಿ

ಮರಿ, ಆಸ್ಪತ್ರೆಯ ಸ್ವಿಚ್‌ಗಳ ಪಾಸ್‌ವರ್ಡ್ ನಿನ್ನ ಕೈಗೆ ಬಂತು ಅಂತ ನಿಮ್ಮಪ್ಪ ಹೇಳಿದ. ಸಂತೋಷ ಆಯ್ತು. ಕಮಾಂಡ್ ಕಲಿಯೋದಕ್ಕೆ ನಿನಗೆ ಈ ಅತ್ತೆ ಬೇಕಾಗಿಲ್ಲ. ಪ್ರಶ್ನೆ ಚಿಹ್ನೆ ಒತ್ತಿದರೆ ಮುಂದಿನ ಪದ ಏನು ಅಂತ ಸ್ವಿಚ್ಚೇ ಹೇಳಿಕೊಡುತ್ತದೆ. ನನಗೆ ಹೇಳಬೇಕಾಗಿರೋದು ಒಂದೇ ಮಾತು, ಅದನ್ನೇ ನಾಲ್ಕಾರು ಕಡೆಯಿಂದ ಹೇಳುತ್ತೇನೆ. ಪೋರ್ಟಿಗೆ ನೀನು ಬರೆಯುವ ಒಂದೊಂದು ಸಾಲೂ ಕೇಬಲ್ಲಿನ ಆಚೆ ತುದಿಯಲ್ಲಿ ಏನಿದೆ ಅಂತ ನೀನು ಮಾಡಿಕೊಂಡ ಊಹೆ. ಊಹೆ ಸರಿಯಿದ್ದರೆ ಆಸ್ಪತ್ರೆಯಲ್ಲಿ ನೀನು ಇದ್ದೀಯ ಅಂತಲೇ ಯಾರಿಗೂ ಗೊತ್ತಾಗೋದಿಲ್ಲ. ತಪ್ಪಿದರೆ, ವಾರ್ಡಿನ ನರ್ಸ್ ರಕ್ತದ ರಿಪೋರ್ಟ್ ಬರಲಿ ಅಂತ ಕಂಪ್ಯೂಟರ್ ಮುಂದೆ ಕಾಯುತ್ತ ನಿಂತಿರುತ್ತಾರೆ.

ಈ ಎರಡು ತುದಿಯ ಲೆಕ್ಕ ಮೊದಲಿನಿಂದ ಇದ್ದದ್ದಲ್ಲ. 1973ರ ಮೇ ತಿಂಗಳಲ್ಲಿ ಜೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ಬಾಬ್ ಮೆಟ್ಕಾಫ್ ಈಥರ್ನೆಟ್ ಬಗ್ಗೆ ಮೊದಲ ಟಿಪ್ಪಣಿ ಬರೆದಾಗ ಇದ್ದದ್ದು ಎಲ್ಲ ಯಂತ್ರಗಳಿಗೂ ಸೇರಿ ಒಂದೇ ಕೇಬಲ್. ಮೆಟ್ಕಾಫ್ ಮತ್ತು ಡೇವಿಡ್ ಬಾಗ್ಸ್ ಕಟ್ಟಿದ ಆ ಮೊದಲ ಜಾಲದ ವೇಗ ಸೆಕೆಂಡಿಗೆ 2.94 ಮೆಗಾಬಿಟ್. ಒಬ್ಬರು ಮಾತಾಡುವಾಗ ಉಳಿದವರು ಸುಮ್ಮನಿರಬೇಕು. ಇಬ್ಬರು ಒಟ್ಟಿಗೆ ಶುರುಮಾಡಿದರೆ ಡಿಕ್ಕಿ, ಇಬ್ಬರೂ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಳಿಸಬೇಕು. 1990ರಲ್ಲಿ ಅಮೆರಿಕದ ‘ಕಲ್ಪನಾ’ ಅನ್ನುವ ಪುಟ್ಟ ಕಂಪನಿ ಏಳು ಪೋರ್ಟಿನ ಈಥರ್ನೆಟ್ ಸ್ವಿಚ್ ಮಾರುಕಟ್ಟೆಗೆ ತಂದಿತು. 1994ರಲ್ಲಿ ಸಿಸ್ಕೊ ಅದನ್ನು ಕೊಂಡುಕೊಂಡಿತು. ಸ್ವಿಚ್ ಬಂದ ಮೇಲೆ ಒಂದು ಕೇಬಲ್ಲಿಗೆ ಎರಡೇ ತುದಿ, ಇಬ್ಬರೇ ಮಾತುಗಾರರು. ಡಿಕ್ಕಿಯ ಕಾಟ ಮುಗಿಯಿತು. ಬದಲಿಗೆ ಈ ಇಬ್ಬರೂ ವೇಗ, ರೀತಿ, ಗುರುತು ಎಲ್ಲದರಲ್ಲೂ ಒಪ್ಪಿರಬೇಕು ಅನ್ನುವ ಹೊಸ ಕಷ್ಟ ಶುರುವಾಯಿತು. ನಿನ್ನ ಕೆಲಸ ಇರುವುದೇ ಆ ಒಪ್ಪಂದ ಮಾಡಿಸುವುದರಲ್ಲಿ.

ಅದಕ್ಕೇ ಮೊದಲು ನೋಡು, ಆಮೇಲೆ ಬರೆ. ಸಿಸ್ಕೊ ಸ್ವಿಚ್‌ನಲ್ಲಿ ‘ಶೋ ಇಂಟರ್‌ಫೇಸಸ್ ಸ್ಟೇಟಸ್’ ಅಂತ ಹೊಡೆದರೆ ಪೋರ್ಟುಗಳೆಲ್ಲ ಒಂದೊಂದು ಸಾಲಾಗಿ ನಿಲ್ಲುತ್ತವೆ. ಕನೆಕ್ಟೆಡ್ ಅಂದರೆ ಆಚೆ ತುದಿ ಜೀವಂತ. ನಾಟ್‌ಕನೆಕ್ಟ್ ಅಂದರೆ ಈ ಕಡೆ ತಯಾರಿದೆ, ಆ ಕಡೆಯಿಂದ ಸದ್ದಿಲ್ಲ. ಡಿಸೇಬಲ್ಡ್ ಅಂದರೆ ಯಾರೋ ಬೇಕೆಂದೇ ಮುಚ್ಚಿದ್ದಾರೆ. ಎರರ್-ಡಿಸೇಬಲ್ಡ್ ಅಂದರೆ ಸ್ವಿಚ್ಚೇ ಏನೋ ಅಪಾಯ ಕಂಡು ಮುಚ್ಚಿದೆ. ಈ ನಾಲ್ಕಕ್ಕೂ ನಾಲ್ಕು ಬೇರೆ ಬೇರೆ ಮದ್ದು, ಗೊತ್ತಿರಲಿ. ಅದೇ ಪಟ್ಟಿಯಲ್ಲಿ ವೇಗದ ಹಿಂದೆ ‘ಎ-’ ಅಂತ ಇದ್ದರೆ ಈ ತುದಿ ತಾನೇ ಆ ವೇಗವನ್ನು ಕಂಡುಕೊಂಡಿದೆ ಅಂತ ಅರ್ಥ. ಅದಿಲ್ಲದೆ ಬರೀ ಸಂಖ್ಯೆ ಇದ್ದರೆ ಯಾರೋ ಕೈಯಾರೆ ಕಟ್ಟಿಹಾಕಿದ್ದಾರೆ. ಆಮೇಲೆ ಮ್ಯಾಕ್ ಅಡ್ರೆಸ್ ಪಟ್ಟಿ ನೋಡು, ಎಲ್‌ಎಲ್‌ಡಿಪಿ ನೆರೆಹೊರೆಯ ಪಟ್ಟಿ ನೋಡು. ಫೋನು, ವೈಫೈ ಆ್ಯಕ್ಸೆಸ್ ಪಾಯಿಂಟ್, ಇನ್ನೊಂದು ಸ್ವಿಚ್ ಇವೆಲ್ಲ ಸಾಮಾನ್ಯವಾಗಿ ತಮ್ಮ ಹೆಸರು ತಾವೇ ಹೇಳಿಕೊಳ್ಳುತ್ತವೆ. ಬರೀ ಒಂದು ಕಂಪ್ಯೂಟರ್ ಇದೆ ಅಂದುಕೊಂಡ ಪೋರ್ಟಿನಲ್ಲಿ ಹತ್ತು ಮ್ಯಾಕ್ ಅಡ್ರೆಸ್ ಕಂಡರೆ, ಅಲ್ಲಿ ಯಾರೋ ಮೇಜಿನ ಕೆಳಗೆ ಸಣ್ಣ ಸ್ವಿಚ್ ಇಟ್ಟಿದ್ದಾರೆ ಅಂತ ತಿಳಿ. ಆ ಪೋರ್ಟ್ ಮುಚ್ಚಿದರೆ ಹತ್ತು ಜನ ಎದ್ದು ಬರುತ್ತಾರೆ.

ಪೋರ್ಟಿನ ಸಂಖ್ಯೆಯಲ್ಲೂ ಹುಷಾರು. ಸಿಸ್ಕೊದಲ್ಲಿ ಗಿಗಾಬಿಟ್‌ಈಥರ್ನೆಟ್ 1/0/5 ಅಂದರೆ ಒಟ್ಟಿಗೆ ಜೋಡಿಸಿದ ಸ್ವಿಚ್‌ಗಳಲ್ಲಿ ಒಂದನೆಯದು, ಅದರ ಐದನೇ ಪೋರ್ಟ್. ಜೂನಿಪರ್‌ನಲ್ಲಿ ಎಣಿಕೆ ಸೊನ್ನೆಯಿಂದ ಶುರು. ಐದನೇ ಪೋರ್ಟಿನ ಹೆಸರು ಜಿಇ-0/0/4. ಮುಚ್ಚಿದ ಪೋರ್ಟನ್ನು ತೆರೆಯಲು ಸಿಸ್ಕೊದಲ್ಲಿ ‘ನೋ ಶಟ್‌ಡೌನ್’, ಹುವಾವೇಯಲ್ಲಿ ‘ಅನ್‌ಡೂ ಶಟ್‌ಡೌನ್’. ಫೋನಿನಲ್ಲಿ ಯಾರಾದರೂ ‘ಐದನೇ ಪೋರ್ಟ್ ನೋಡಿ ಸರ್’ ಅಂದರೆ, ಯಾವ ಕಂಪನಿಯ ಸ್ವಿಚ್ಚು, ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಸಂಖ್ಯೆ ಯಾವುದು ಅಂತ ಎರಡು ಸಲ ಕೇಳು. ಕೇಳೋದರಲ್ಲಿ ನಾಚಿಕೆ ಏನೂ ಇಲ್ಲ.

ನೋಡಿ ತಿಳಿದದ್ದನ್ನು ಅಲ್ಲೇ ಬರೆದಿಡು. ಪ್ರತಿ ಪೋರ್ಟಿಗೂ ‘ಡಿಸ್ಕ್ರಿಪ್ಷನ್’ ಅಂತ ಒಂದು ಸಾಲು ಬರೆಯಬಹುದು. ಅದರಿಂದ ಸ್ವಿಚ್ಚಿಗೆ ಏನೂ ಆಗೋದಿಲ್ಲ, ಹಾಗಾಗಿಯೇ ಎಲ್ಲರೂ ಅದನ್ನು ಬಿಟ್ಟುಬಿಡುತ್ತಾರೆ. ‘ಯೂಸರ್’ ಅಂತಲೋ ‘ಪಿಸಿ’ ಅಂತಲೋ ಬರೆದರೆ ಬರೆಯದಿದ್ದ ಹಾಗೇ. ‘2ನೇ ಮಹಡಿ, ಲ್ಯಾಬ್, ಗೋಡೆ ಸಾಕೆಟ್ 2-17, ರಕ್ತಪರೀಕ್ಷೆ ಯಂತ್ರ, 100 ಫುಲ್ ಫಿಕ್ಸ್’ ಅಂತ ಇಂಗ್ಲಿಷಿನಲ್ಲಿ ಚುಟುಕಾಗಿ ಬರೆ. ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಿನಲ್ಲಿ ಅದನ್ನು ಓದುವವನು ಬಹುಶಃ ನೀನೇ. ಯಂತ್ರ ಸ್ಥಳ ಬದಲಿಸಿದ ದಿನವೇ ಆ ಸಾಲನ್ನೂ ಬದಲಿಸು. ಹಳೇ ಡಿಸ್ಕ್ರಿಪ್ಷನ್ ಖಾಲಿ ಇರುವುದಕ್ಕಿಂತ ಕೆಟ್ಟದ್ದು. ಖಾಲಿ ಇದ್ದರೆ ಹುಡುಕುತ್ತೀಯ, ಸುಳ್ಳು ಇದ್ದರೆ ನಂಬುತ್ತೀಯ.

ಈಗ ವೇಗದ ಮಾತಿಗೆ ಬರೋಣ. ಈ ಕೆಲಸದಲ್ಲಿ ಅತಿ ಹೆಚ್ಚು ಹೊತ್ತು ತಿನ್ನುವ ಗೊಂದಲ ಇದೇ, ಆದ್ದರಿಂದ ನಿಧಾನವಾಗಿ ಕೇಳು. ಕೇಬಲ್ ಸಿಕ್ಕಿಸಿದ ಕೂಡಲೇ ಎರಡೂ ತುದಿ ತಮ್ಮ ಶಕ್ತಿ ಎಷ್ಟು ಅಂತ ಪರಸ್ಪರ ಹೇಳಿಕೊಂಡು, ಇಬ್ಬರಿಗೂ ಆಗುವ ಅತ್ಯುತ್ತಮ ವೇಗವನ್ನು ಆರಿಸಿಕೊಳ್ಳುತ್ತವೆ. ಇದು ಆಟೋ-ನೆಗೋಷಿಯೇಷನ್. ಹೆಣ್ಣು-ಗಂಡಿನ ಕಡೆಯವರು ಮಾತುಕತೆಗೆ ಕೂತ ಹಾಗೆ. ಇಬ್ಬರೂ ಬಾಯಿ ಬಿಟ್ಟರೇ ಮಾತುಕತೆ. ನೀನು ಒಂದು ತುದಿಯನ್ನು ‘100, ಫುಲ್ ಡ್ಯೂಪ್ಲೆಕ್ಸ್’ ಅಂತ ಕಟ್ಟಿಹಾಕಿದರೆ ಆ ತುದಿ ಸಾಮಾನ್ಯವಾಗಿ ಮಾತುಕತೆಯನ್ನೇ ನಿಲ್ಲಿಸಿಬಿಡುತ್ತದೆ. ಆಟೋದಲ್ಲಿರುವ ಇನ್ನೊಂದು ತುದಿ ತಂತಿಯ ಮೇಲಿನ ಸಂಕೇತ ನೋಡಿ ವೇಗ 100 ಅಂತ ಕಂಡುಹಿಡಿಯುತ್ತದೆ. ಆದರೆ ಡ್ಯೂಪ್ಲೆಕ್ಸ್ ಯಾವುದು ಅಂತ ಸಂಕೇತದಿಂದ ತಿಳಿಯೋದಿಲ್ಲ. ಆಗ ಹಾಫ್ ಅಂತ ಇಟ್ಟುಕೊಳ್ಳಬೇಕು ಅನ್ನೋದು ನಿಯಮ. ಒಂದು ಕಡೆ ಫುಲ್, ಇನ್ನೊಂದು ಕಡೆ ಹಾಫ್.

ಹೀಗಾದಾಗ ದೀಪ ಹಸಿರಾಗೇ ಉರಿಯುತ್ತಿರುತ್ತದೆ. ಪಿಂಗ್ ಮಾಡಿದರೆ ಉತ್ತರ ಬರುತ್ತದೆ. ‘ನೆಟ್‌ವರ್ಕ್ ಸರಿಯಿದೆ’ ಅಂತ ಹೇಳಿ ನೀನು ಫೋನ್ ಇಡುತ್ತೀಯ. ಅವರು ದೊಡ್ಡ ಎಕ್ಸ್‌ರೇ ಚಿತ್ರ ಕಳಿಸಲು ಹೊರಟಾಗ ಆಮೆಯ ಹಾಗೆ ತೆವಳುತ್ತದೆ, ನಡುವೆ ಕಡಿದುಹೋಗುತ್ತದೆ. ಯಾಕೆ? ಫುಲ್ ಕಡೆಯವನು ಕೇಳಿಸಿಕೊಳ್ಳುವಾಗಲೇ ಮಾತಾಡುತ್ತಾನೆ, ಅದು ಅವನ ಹಕ್ಕು. ಹಾಫ್ ಕಡೆಯವನು ಅದನ್ನು ಡಿಕ್ಕಿ ಅಂತ ತಿಳಿದು ತನ್ನ ಮಾತನ್ನು ಅರ್ಧಕ್ಕೇ ನಿಲ್ಲಿಸುತ್ತಾನೆ. ಹಾಗಾಗಿ ಹಾಫ್ ತುದಿಯಲ್ಲಿ ಲೇಟ್ ಕೊಲಿಷನ್ ಏರುತ್ತದೆ, ಫುಲ್ ತುದಿಯಲ್ಲಿ ಸಿಆರ್‌ಸಿ ದೋಷ ಮತ್ತು ತುಂಡು ಫ್ರೇಮ್‌ಗಳು, ಅಂದರೆ ರಂಟ್‌ಗಳು ಏರುತ್ತವೆ. ಈ ಜೋಡಿ ಲಕ್ಷಣ ಮನಸ್ಸಿನಲ್ಲಿರಲಿ. ಕೌಂಟರ್‌ಗಳನ್ನು ಸೊನ್ನೆ ಮಾಡಿ, ಅವರಿಗೆ ಇನ್ನೊಮ್ಮೆ ಫೈಲ್ ಕಳಿಸಲು ಹೇಳಿ, ಆಗ ಯಾವುದು ಏರುತ್ತದೆ ನೋಡು. ಹಿಂದಿನ ವರ್ಷ ಯಾವತ್ತೋ ಬಿದ್ದ ದೋಷದ ಸಂಖ್ಯೆ ನೋಡಿ ಇವತ್ತಿನ ಕಾಯಿಲೆ ಹೇಳಬೇಡ.

ನಿನ್ನ ಸೀನಿಯರ್‌ಗಳಲ್ಲಿ ಒಬ್ಬರಾದರೂ ‘ಸ್ಪೀಡು, ಡ್ಯೂಪ್ಲೆಕ್ಸು ಯಾವಾಗಲೂ ಫಿಕ್ಸ್ ಮಾಡಿಬಿಡು’ ಅನ್ನುತ್ತಾರೆ. ಅವರನ್ನು ನೋಡಿ ನಗಬೇಡ. 1995ರಲ್ಲಿ ಫಾಸ್ಟ್ ಈಥರ್ನೆಟ್ ಜೊತೆಗೆ ಈ ಮಾತುಕತೆಯ ಪದ್ಧತಿ ಬಂದಾಗ ಒಂದು ಕಂಪನಿಯ ಕಾರ್ಡಿಗೂ ಇನ್ನೊಂದರ ಸ್ವಿಚ್ಚಿಗೂ ಹೊಂದಿಕೆ ಆಗದೆ ಜನ ಬಹಳ ಪಾಡು ಪಟ್ಟಿದ್ದಾರೆ. ಆಗಿನ ಅನುಭವ ಅವರದು. ಆದರೆ ತಾಮ್ರದ ತಂತಿಯ ಮೇಲೆ ಗಿಗಾಬಿಟ್, ಅಂದರೆ 1999ರ 1000ಬೇಸ್-ಟಿ, ಬಂದ ಮೇಲೆ ಮಾತುಕತೆ ಕಡ್ಡಾಯವೇ ಆಯಿತು. ಅದಿಲ್ಲದೆ ಆ ಲಿಂಕು ನಿಯಮದ ಪ್ರಕಾರ ನಡೆಯೋದೇ ಇಲ್ಲ. ಈಗ ಎರಡೂ ಕಡೆ ಆಟೋ ಇರಲಿ ಅನ್ನುವುದೇ ಸರಿ. ಒಂದು ವಿನಾಯಿತಿ ಇದೆ, ಅದು ನಿನ್ನ ಆಸ್ಪತ್ರೆಯಲ್ಲೇ ಸಿಗುತ್ತದೆ. ಹಳೆಯ ವೈದ್ಯಕೀಯ ಯಂತ್ರಗಳಲ್ಲಿ ಕೆಲವು 10ಕ್ಕೋ 100ಕ್ಕೋ ಕಟ್ಟಿಹಾಕಿ ಬಂದಿರುತ್ತವೆ. ಅವುಗಳ ಸೆಟ್ಟಿಂಗ್ ಮುಟ್ಟಲು ತಯಾರಕರ ಎಂಜಿನಿಯರೇ ಬರಬೇಕು. ಅಂಥ ಕಡೆ ನೀನೂ ಈ ತುದಿಯನ್ನು ಅದೇ ವೇಗಕ್ಕೆ, ಅದೇ ಡ್ಯೂಪ್ಲೆಕ್ಸ್‌ಗೆ ಕಟ್ಟು, ಡಿಸ್ಕ್ರಿಪ್ಷನ್‌ನಲ್ಲಿ ಬರೆ. ಕಟ್ಟುವುದಾದರೆ ಎರಡೂ ತುದಿ, ಬಿಡುವುದಾದರೆ ಎರಡೂ ತುದಿ. ಒಂದೇ ಕಡೆ ಮಾತ್ರ ಬೇಡ.

ಗಿಗಾಬಿಟ್ ಇರಬೇಕಾದ ಲಿಂಕು 100ಕ್ಕೆ ಇಳಿದು ಕೂತಿದ್ದರೆ ಕೀಬೋರ್ಡ್ ಬಿಟ್ಟು ಎದ್ದು ಹೋಗು. 100 ಮೆಗಾಬಿಟ್‌ಗೆ ಎರಡು ಜೋಡಿ ತಂತಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ನೀಲಿಯೋ ಕಂದೋ ಒಂದು ಎಳೆ ಸಾಕೆಟ್ಟಿನಲ್ಲಿ ಸರಿಯಾಗಿ ಕೂತಿಲ್ಲದಿದ್ದರೆ ಲಿಂಕು ಬರುತ್ತದೆ, ವೇಗ ಬರೋದಿಲ್ಲ. ಅದನ್ನು ಯಾವ ಕಮಾಂಡೂ ಸರಿಮಾಡೋದಿಲ್ಲ, ಕ್ರಿಂಪಿಂಗ್ ಮಾಡುವವರನ್ನೇ ಕರೆಯಬೇಕು. ಉದ್ದದ ಮಿತಿ 100 ಮೀಟರ್. ಅದರಲ್ಲಿ 90 ಮೀಟರ್ ಗೋಡೆಯೊಳಗಿನ ಓಟ, ಉಳಿದ 10 ಮೀಟರ್ ಎರಡು ತುದಿಯ ಪ್ಯಾಚ್ ಕಾರ್ಡುಗಳಿಗೆ. ಫಾಲ್ಸ್ ಸೀಲಿಂಗ್ ಮೇಲೆ ಸುತ್ತು ಹಾಕಿಕೊಂಡು ಹೋದ ಕೇಬಲ್ ನಕ್ಷೆಯಲ್ಲಿ 60 ಮೀಟರ್ ಕಂಡರೂ ನಿಜದಲ್ಲಿ ಎಷ್ಟೋ. ಎರಡು ಕಟ್ಟಡಗಳ ನಡುವೆ ಮಾತ್ರ ತಾಮ್ರ ಎಳೆಯಲು ಬಿಡಬೇಡ. ಮುಂಗಾರು ಹಿಡಿಯುವ ಮುಂಚಿನ ಗುಡುಗು ಸಿಡಿಲಿನಲ್ಲಿ ಆ ತಂತಿ ಹಿಡಿದು ಬಂದ ಆಘಾತಕ್ಕೆ ಎರಡೂ ಕಡೆಯ ಪೋರ್ಟುಗಳು ಸುಟ್ಟುಹೋಗುತ್ತವೆ. ಅಲ್ಲಿ ಫೈಬರ್ ಇರಲಿ.

ಫೈಬರ್‌ನಲ್ಲೂ ಅದೇ ಮಾತು: ಎರಡು ತುದಿಯ ಎಸ್‌ಎಫ್‌ಪಿ, ಅಂದರೆ ಬೆಳಕು ಕಳಿಸಿ ಕೇಳುವ ಮಾಡ್ಯೂಲುಗಳು, ಒಂದೇ ಜಾತಿಯವಾಗಿರಬೇಕು. ಹತ್ತು ಗಿಗಾಬಿಟ್‌ನ ಎಸ್‌ಆರ್ 850 ನ್ಯಾನೊಮೀಟರ್ ಬೆಳಕಿನದು, ಮಲ್ಟಿಮೋಡ್ ಫೈಬರ್‌ಗೆ. ಎಲ್‌ಆರ್ 1310ರದು, ಸಿಂಗಲ್ ಮೋಡ್‌ನಲ್ಲಿ 10 ಕಿಲೋಮೀಟರ್‌ವರೆಗೆ. ಈ ಕಡೆ ಕಳಿಸುವ ಎಳೆ ಆ ಕಡೆ ಕೇಳುವ ಎಳೆ ಆಗಬೇಕು. ಲಿಂಕು ಬರದಿದ್ದರೆ ಮೊದಲು ಎಳೆ ಅದಲು ಬದಲು ಮಾಡಿ ನೋಡು. ಬರುವ ಬೆಳಕಿನ ಮಟ್ಟವನ್ನು ಸ್ವಿಚ್ಚೇ ಡಿಬಿಎಂ ಲೆಕ್ಕದಲ್ಲಿ ತೋರಿಸುತ್ತದೆ. ಲಿಂಕು ಹಾಕಿದ ದಿನದ ಅಂಕಿಯನ್ನು ಬರೆದಿಟ್ಟರೆ ಮುಂದೆ ಅದು ಇಳಿದಾಗ ಗೊತ್ತಾಗುತ್ತದೆ. ಬೆಳಕು ಬರುತ್ತಿದೆಯಾ ಅಂತ ಫೈಬರ್ ತುದಿಗೆ ಕಣ್ಣಿಟ್ಟು ಮಾತ್ರ ಯಾವತ್ತೂ ನೋಡಬೇಡ ಕಣೋ. ಆ ಲೇಸರ್ ಕಣ್ಣಿಗೆ ಕಾಣೋದಿಲ್ಲ, ಹಾನಿ ಮಾತ್ರ ಮಾಡಬಲ್ಲದು.

ಇನ್ನು ವಿಎಲ್ಯಾನ್, ಅಂದರೆ ಒಂದೇ ಸ್ವಿಚ್ಚಿನೊಳಗೆ ಬೇರೆ ಬೇರೆಯಾಗಿ ಕಟ್ಟಿದ ಜಾಲಗಳ ವಿಷಯ. ಆಚೆ ತುದಿಯಲ್ಲಿ ಒಂದು ಕಂಪ್ಯೂಟರೋ ಪ್ರಿಂಟರೋ ಇದ್ದರೆ ಅದು ಆ್ಯಕ್ಸೆಸ್ ಪೋರ್ಟ್, ಒಂದೇ ವಿಎಲ್ಯಾನ್. ಅದನ್ನು ಬಾಯಿಬಿಟ್ಟೇ ಹೇಳು, ‘ಸ್ವಿಚ್‌ಪೋರ್ಟ್ ಮೋಡ್ ಆ್ಯಕ್ಸೆಸ್’ ಅಂತ ಬರೆ. ಸ್ವಿಚ್ ತಾನೇ ತೀರ್ಮಾನ ಮಾಡಲಿ ಅಂತ ಬಿಡಬೇಡ. ಸಂಖ್ಯೆ 1ರಿಂದ 4094ರವರೆಗೆ ಇರಬಹುದು, ಆದರೆ ಜನರನ್ನು 1ರಲ್ಲಿ ಕೂರಿಸಬೇಡ. ಅದು ಎಲ್ಲ ಪೋರ್ಟೂ ಹುಟ್ಟಿನಿಂದ ಇರುವ ಜಾಗ, ಯಾರು ಬಂದರೂ ಅಲ್ಲೇ ಬಂದು ಬೀಳುತ್ತಾರೆ. 30 ಬರೆಯುವ ಕಡೆ 300 ಅಂತ ಬೆರಳು ಜಾರಿದರೆ ಹಲವು ಸಿಸ್ಕೊ ಸ್ವಿಚ್‌ಗಳು ‘ಆ ವಿಎಲ್ಯಾನ್ ಇಲ್ಲ, ಮಾಡಿಕೊಡುತ್ತಿದ್ದೇನೆ’ ಅಂತ ಒಂದು ಸಾಲು ತೋರಿಸಿ, ನಿಜವಾಗಿಯೇ ಮಾಡಿಬಿಡುತ್ತವೆ. ಆ ಬಡಪಾಯಿ ಕಂಪ್ಯೂಟರ್ ಯಾರೂ ಇಲ್ಲದ ಜಾಲದಲ್ಲಿ ಒಂಟಿಯಾಗಿ ಐಪಿ ವಿಳಾಸ ಕೇಳುತ್ತಿರುತ್ತದೆ. ಸ್ವಿಚ್ ಕೊಡುವ ಉತ್ತರವನ್ನು ಓದದೆ ಮುಂದಿನ ಸಾಲು ಹೊಡೆಯುವ ಚಾಳಿ ಬೇಡ.

ಬಳಸಿ ಬಿಟ್ಟ ಪೋರ್ಟನ್ನು ಮತ್ತೆ ಕೊಡುವಾಗ ಹಳೆಯದನ್ನು ಪೂರ್ತಿ ತೆಗೆ. ಹಿಂದೆ ಅಲ್ಲಿ ಫೋನ್ ಇದ್ದಿರಬಹುದು, ವೇಗ ಕಟ್ಟಿರಬಹುದು, ಮ್ಯಾಕ್ ಅಡ್ರೆಸ್‌ಗೆ ಬೀಗ ಹಾಕಿರಬಹುದು. ‘ಡಿಫಾಲ್ಟ್ ಇಂಟರ್‌ಫೇಸ್’ ಅಂತ ಒಂದು ಕಮಾಂಡ್ ಇದೆ, ಪೋರ್ಟನ್ನು ಹೊಸದರ ಹಾಗೆ ಮಾಡಿಕೊಡುತ್ತದೆ. ಸಂಖ್ಯೆಯನ್ನು ಎರಡು ಸಲ ನೋಡಿ ಹೊಡೆ. ಯಾರೂ ಬಳಸದ ಪೋರ್ಟುಗಳನ್ನು ಮುಚ್ಚಿಡು. ಆಸ್ಪತ್ರೆಯ ಕಾರಿಡಾರಿನಲ್ಲಿ ದಿನಕ್ಕೆ ಎಷ್ಟೋ ಜನ ಓಡಾಡುತ್ತಾರೆ. ಗೋಡೆಯ ಸಾಕೆಟ್ಟಿಗೆ ಲ್ಯಾಪ್‌ಟಾಪ್ ಸಿಕ್ಕಿಸಿದವರಿಗೆಲ್ಲ ಒಳಜಾಲ ಸಿಗಬಾರದು.

ಟ್ರಂಕ್ ಪೋರ್ಟು ಇನ್ನೂ ನಾಜೂಕು. ಸ್ವಿಚ್ಚಿನಿಂದ ಸ್ವಿಚ್ಚಿಗೆ ಹೋಗುವ ದಾರಿಯಲ್ಲಿ ಹಲವು ವಿಎಲ್ಯಾನ್‌ಗಳು 802.1ಕ್ಯೂ ಗುರುತು ಹೊತ್ತು ಸಾಗುತ್ತವೆ. ಗುರುತಿಲ್ಲದೆ ಸಾಗುವುದು ನೇಟಿವ್ ವಿಎಲ್ಯಾನ್ ಒಂದೇ, ಅದು ಎರಡೂ ಕಡೆ ಒಂದೇ ಸಂಖ್ಯೆ ಆಗಿರಬೇಕು. ಇಲ್ಲದಿದ್ದರೆ ಈ ಕಡೆಯ ಒಂದು ಜಾಲದವರು ಆ ಕಡೆ ಇನ್ನೊಂದರಲ್ಲಿ ಪ್ರತ್ಯಕ್ಷರಾಗುತ್ತಾರೆ. ಆಮೇಲೆ ಆ ಪ್ರಸಿದ್ಧ ಬಲೆ. ಟ್ರಂಕ್‌ನಲ್ಲಿ ಈಗಾಗಲೇ 10, 20, 30 ಹೋಗುತ್ತಿವೆ, 40ನ್ನು ಸೇರಿಸಬೇಕು. ‘ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಎಲ್ಯಾನ್ 40’ ಅಂತ ಬರೆದರೆ ಸಿಸ್ಕೊ ಸ್ವಿಚ್ 40ನ್ನು ಮಾತ್ರ ಇಟ್ಟುಕೊಂಡು ಉಳಿದ ಮೂರನ್ನೂ ಹೊರಗೆ ಹಾಕುತ್ತದೆ. ‘ಆ್ಯಡ್’ ಅನ್ನುವ ಒಂದು ಪದ ನಡುವೆ ಬರಬೇಕು. ಆ ಒಂದು ಪದ ಬಿಟ್ಟು ಇಡೀ ಮಹಡಿಯನ್ನು ಕತ್ತಲಲ್ಲಿ ಕೂರಿಸಿದವರು ಪ್ರಪಂಚದ ತುಂಬ ಇದ್ದಾರೆ. ನೀನು ಆ ಪಟ್ಟಿಗೆ ಸೇರಲೇಬೇಕು ಅಂತೇನೂ ಇಲ್ಲ.

ಲೂಪಿನ ಭಯ ಯಾವಾಗಲೂ ಇರಲಿ. ಈಥರ್ನೆಟ್ ಫ್ರೇಮ್‌ಗೆ ಆಯುಸ್ಸಿನ ಮಿತಿ ಇಲ್ಲ. ಜಾಲದಲ್ಲಿ ಒಂದು ಸುತ್ತುದಾರಿ ಸಿಕ್ಕರೆ ಬ್ರಾಡ್‌ಕಾಸ್ಟ್ ತಿರುಗುತ್ತಲೇ ಇರುತ್ತದೆ, ಹೆಚ್ಚುತ್ತಲೇ ಹೋಗುತ್ತದೆ, ಸ್ವಲ್ಪ ಹೊತ್ತಿನಲ್ಲೇ ಇಡೀ ಕಟ್ಟಡದ ಜಾಲ ಉಸಿರುಗಟ್ಟುತ್ತದೆ. ಇದಕ್ಕೆ ಮದ್ದು ಕಂಡುಹಿಡಿದವರು ರೇಡಿಯಾ ಪರ್ಲ್‌ಮನ್. ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಷನ್‌ನಲ್ಲಿದ್ದಾಗ 1985ರಲ್ಲಿ ಅವರು ರೂಪಿಸಿದ ಸ್ಪ್ಯಾನಿಂಗ್ ಟ್ರೀ ವಿಧಾನ ಸುತ್ತುದಾರಿ ಹುಡುಕಿ ಒಂದು ಕೊಂಡಿಯನ್ನು ತಡೆಹಿಡಿಯುತ್ತದೆ. ಆ ಹುಡುಕಾಟಕ್ಕಾಗಿ ಪೋರ್ಟ್ ಎದ್ದ ಕೂಡಲೇ 15 ಸೆಕೆಂಡ್ ಆಲಿಸಿ, 15 ಸೆಕೆಂಡ್ ಕಲಿತು, ಆಮೇಲೆ ಬಿಡುತ್ತದೆ. ಬೆಳಗ್ಗೆ ಕಂಪ್ಯೂಟರ್ ಹಚ್ಚಿದವರಿಗೆ ಆ 30 ಸೆಕೆಂಡಿನಲ್ಲಿ ಐಪಿ ವಿಳಾಸ ಸಿಗದೆ ‘ನೆಟ್ ಇಲ್ಲ’ ಅಂತ ದೂರು ಬರುತ್ತದೆ. ಅದಕ್ಕೇ ಜನ ಕೂರುವ ಪೋರ್ಟಿಗೆ ‘ಪೋರ್ಟ್‌ಫಾಸ್ಟ್’ ಹಾಕುವುದು. ಪೋರ್ಟ್‌ಫಾಸ್ಟ್ ಅಂದರೆ ‘ಆಚೆ ತುದಿಯಲ್ಲಿ ಸ್ವಿಚ್ ಇಲ್ಲ’ ಅಂತ ನೀನು ಕೊಟ್ಟ ಭಾಷೆ. ಆ ಭಾಷೆಗೆ ಕಾವಲಾಗಿ ‘ಬಿಪಿಡಿಯು ಗಾರ್ಡ್’ ಕೂಡ ಹಾಕು. ಮೀಟಿಂಗ್ ರೂಮಿನಲ್ಲಿ ಜೋತಾಡುತ್ತಿದ್ದ ಕೇಬಲ್ಲನ್ನು ಯಾರೋ ಅಚ್ಚುಕಟ್ಟಾಗಿರಲಿ ಅಂತ ಎರಡನೇ ಸಾಕೆಟ್ಟಿಗೂ ಸಿಕ್ಕಿಸಿ ಹೋಗುತ್ತಾರೆ; ಆಗ ಸ್ವಿಚ್ ಆ ಪೋರ್ಟನ್ನು ಎರರ್-ಡಿಸೇಬಲ್ ಮಾಡಿ ಉಳಿದವರನ್ನು ಕಾಪಾಡುತ್ತದೆ. ಹಾಗೆ ಮುಚ್ಚಿದ್ದನ್ನು ನೋಡಿದ ಕೂಡಲೇ ಶಟ್, ನೋ ಶಟ್ ಹೊಡೆದು ತೆರೆಯಬೇಡ. ಮುಚ್ಚಿದ ಕಾರಣ ಲಾಗ್‌ನಲ್ಲಿರುತ್ತದೆ, ಮೊದಲು ಓದು. ಆಮೇಲೆ ಆ ಕೋಣೆಗೆ ಹೋಗಿ ಕೇಬಲ್ ನೋಡು.

ವಿದ್ಯುತ್ತೂ ಈ ತಂತಿಯಲ್ಲೇ ಹೋಗುತ್ತದೆ ಅನ್ನೋದನ್ನು ಮರೆಯುವವರು ಬಹಳ. 2003ರ ಪಿಒಇ ನಿಯಮದಲ್ಲಿ ಒಂದು ಪೋರ್ಟಿಗೆ 15.4 ವ್ಯಾಟ್, 2009ರದ್ದರಲ್ಲಿ 30, 2018ರದ್ದರಲ್ಲಿ 90ರವರೆಗೆ. 48 ಪೋರ್ಟಿನ ಸ್ವಿಚ್ಚಿನ ಪಿಒಇ ಬಂಡವಾಳ 740 ವ್ಯಾಟ್ ಅಂತಿದ್ದರೆ, ಭಾಗಿಸಿ ನೋಡು, ಎಲ್ಲರಿಗೂ ಕೊಟ್ಟರೆ ತಲೆಗೆ 15 ವ್ಯಾಟ್ ಚಿಲ್ಲರೆ ಮಾತ್ರ. 30 ವ್ಯಾಟ್ ಬೇಡುವ ಆ್ಯಕ್ಸೆಸ್ ಪಾಯಿಂಟ್‌ಗಳನ್ನು ಒಂದೇ ಸ್ವಿಚ್ಚಿಗೆ ಪೇರಿಸಿದರೆ 25ನೆಯದು ಉಪವಾಸ. ಇನ್ನೊಂದು ಮಾತು: ಸಿಸ್ಕೊದಲ್ಲಿ ಪಿಒಇ ಪೋರ್ಟಿಗೆ ಶಟ್‌ಡೌನ್ ಕೊಟ್ಟರೆ ಆಚೆ ತುದಿಯ ಕ್ಯಾಮೆರಾಗೆ ಕರೆಂಟೇ ಹೋಗುತ್ತದೆ. ‘ಒಂದು ಸೆಕೆಂಡ್ ಮುಚ್ಚಿ ತೆಗೆದೆ ಅಷ್ಟೇ’ ಅಂತ ನೀನು ಹೇಳಬಹುದು. ಅದು ಮತ್ತೆ ಎದ್ದು ಕೂರಲು ಕೆಲವು ನಿಮಿಷ ತೆಗೆದುಕೊಳ್ಳುತ್ತದೆ, ಅಷ್ಟು ಹೊತ್ತಿನ ರೆಕಾರ್ಡಿಂಗ್ ಇರೋದಿಲ್ಲ.

ಎರಡು ಕೇಬಲ್ ಸೇರಿಸಿ ಒಂದು ದಪ್ಪ ಲಿಂಕು ಮಾಡುವಾಗ ಎಲ್‌ಎಸಿಪಿ ಬಳಸು, ಎರಡೂ ಕಡೆ ಆ್ಯಕ್ಟಿವ್ ಇರಲಿ. ಎರಡೂ ಕಡೆ ಪ್ಯಾಸಿವ್ ಇದ್ದರೆ ಇಬ್ಬರೂ ಕಾಯುತ್ತ ಕೂರುತ್ತಾರೆ. ‘ಆನ್’ ಅಂತ ಸುಮ್ಮನೆ ಕಟ್ಟಿಹಾಕಿದರೆ ಆ ಕಡೆಯವರು ಕಟ್ಟಿದ್ದಾರೋ ಇಲ್ಲವೋ ಅಂತ ಯಾರೂ ವಿಚಾರಿಸುವುದಿಲ್ಲ. ಜಂಬೋ ಫ್ರೇಮ್ ಕೂಡ ಹಾಗೇ. ಸಾಮಾನ್ಯ ಮಿತಿ 1500 ಬೈಟ್. ಸ್ಟೋರೇಜ್ ನೋಡಿಕೊಳ್ಳುವವರು 9000 ಬೇಕು ಅನ್ನುತ್ತಾರೆ. ದಾರಿಯಲ್ಲಿರುವ ಒಂದೇ ಒಂದು ಸ್ವಿಚ್ ಒಪ್ಪದಿದ್ದರೂ ದೊಡ್ಡ ಫ್ರೇಮ್‌ಗಳು ಸದ್ದಿಲ್ಲದೆ ಬಿದ್ದುಹೋಗುತ್ತವೆ, ಸಣ್ಣವು ಮಾತ್ರ ಹೋಗುತ್ತವೆ. ಲಾಗಿನ್ ಆಗುತ್ತದೆ, ಫೈಲ್ ಬರೋದಿಲ್ಲ. ಇಡೀ ದಾರಿ ನಿನ್ನ ಕೈಯಲ್ಲಿಲ್ಲದಿದ್ದರೆ 1500ನ್ನು ಮುಟ್ಟಬೇಡ.

ಆಚೆ ತುದಿಯಲ್ಲಿ ನೀನೇ ಇರುವ ಸಂದರ್ಭವೂ ಉಂಟು. ಬೇರೆ ಕಟ್ಟಡದ ಸ್ವಿಚ್ಚಿಗೆ ನಿನ್ನ ಮೇಜಿನಿಂದಲೇ ಲಾಗಿನ್ ಆಗಿದ್ದೀಯ. ಯಾವ ಪೋರ್ಟಿನ ಮೂಲಕ ಒಳಗೆ ಬಂದೆಯೋ ಅದನ್ನೇ ಬದಲಿಸುತ್ತೀಯ. ಎಂಟರ್ ಒತ್ತಿದ ಮೇಲೆ ಪರದೆ ಅಲ್ಲಾಡೋದಿಲ್ಲ. ಅದಕ್ಕೇ ಮೊದಲು ಇರುವ ಕಾನ್ಫಿಗರೇಷನ್ ಸೇವ್ ಮಾಡು. ಆಮೇಲೆ ಸಿಸ್ಕೊದಲ್ಲಿ ‘ರೀಲೋಡ್ ಇನ್ 10’ ಕೊಡು. ನಂತರ ಬದಲಾವಣೆ ಮಾಡು, ಪರೀಕ್ಷಿಸು. ಸರಿಯಿದ್ದರೆ ‘ರೀಲೋಡ್ ಕ್ಯಾನ್ಸಲ್’, ಆಮೇಲೆ ಮತ್ತೆ ಸೇವ್. ಸಿಕ್ಕಿಹಾಕಿಕೊಂಡರೆ ಹತ್ತು ನಿಮಿಷಕ್ಕೆ ಸ್ವಿಚ್ ತಾನೇ ರೀಸ್ಟಾರ್ಟ್ ಆಗಿ ಹಳೆಯದಕ್ಕೆ ಮರಳುತ್ತದೆ. ಆಗ ಆ ಸ್ವಿಚ್ಚಿನ ಎಲ್ಲರಿಗೂ ಕೆಲವು ನಿಮಿಷ ಜಾಲ ಹೋಗುತ್ತದೆ, ಆದ್ದರಿಂದ ಹೊತ್ತು ನೋಡಿ ಮಾಡು. ಪರೀಕ್ಷೆಗೆ ಮುಂಚೆ ಅಭ್ಯಾಸಬಲದಿಂದ ಸೇವ್ ಮಾಡಿದರೆ ಈ ರಕ್ಷಣೆ ಹೋಯಿತು. ಜೂನಿಪರ್‌ನಲ್ಲಿ ‘ಕಮಿಟ್ ಕನ್ಫರ್ಮ್ಡ್’ ಇನ್ನೂ ಸೊಗಸು. ಹತ್ತು ನಿಮಿಷದಲ್ಲಿ ನೀನು ಮತ್ತೆ ಖಚಿತಪಡಿಸದಿದ್ದರೆ ರೀಸ್ಟಾರ್ಟ್ ಇಲ್ಲದೆಯೇ ಹಳೆಯದು ವಾಪಸ್ಸು ಬರುತ್ತದೆ.

ಕೆಲಸ ಸರಿಯಾದ ಮೇಲೆ ಸೇವ್ ಮಾಡದೆ ಎದ್ದು ಹೋಗುವುದು ಇನ್ನೊಂದು ತಪ್ಪು. ರನ್ನಿಂಗ್ ಕಾನ್ಫಿಗ್ ಇರುವುದು ಕರೆಂಟ್ ಇರುವ ತನಕ. ನಮ್ಮ ಕಡೆ ಕರೆಂಟಿನ ಕಥೆ ನಿನಗೆ ಗೊತ್ತೇ ಇದೆ. ಯುಪಿಎಸ್ ಬ್ಯಾಟರಿಯೂ ಕೈಕೊಟ್ಟ ದಿನ ಸ್ವಿಚ್ ಎದ್ದು ಕೂತಾಗ ಅದಕ್ಕೆ ನೆನಪಿರುವುದು ಸೇವ್ ಮಾಡಿದ್ದಷ್ಟೇ. ಗಡಿಯಾರವನ್ನೂ ಸರಿಮಾಡು. ಎನ್‌ಟಿಪಿ ಹಾಕಿ, ಟೈಮ್‌ಝೋನ್ 5 ಗಂಟೆ 30 ನಿಮಿಷ ಅಂತ ಕೊಡು. ಇಲ್ಲದಿದ್ದರೆ ಬೆಳಗ್ಗೆ ಹತ್ತಕ್ಕೆ ಬಿದ್ದ ಲಿಂಕು ಲಾಗ್‌ನಲ್ಲಿ ನಾಲ್ಕೂವರೆಗೆ ಬಿದ್ದ ಹಾಗೆ ಕಾಣುತ್ತದೆ, ಆ ಹೊತ್ತಿಗೆ ಡ್ಯೂಟಿಯಲ್ಲಿದ್ದ ಸೆಕ್ಯುರಿಟಿಯವನ ಮೇಲೆ ಗೂಬೆ ಕೂರುತ್ತದೆ.

‘ಇಂಟರ್‌ಫೇಸ್ ರೇಂಜ್’ ಕೊಟ್ಟು 48 ಪೋರ್ಟನ್ನೂ ಒಂದೇ ಸಲ ಬದಲಿಸಬಹುದು. ಸ್ಕ್ರಿಪ್ಟ್ ಬರೆದು ಎಲ್ಲ ಸ್ವಿಚ್ಚುಗಳನ್ನೂ ಒಂದೇ ಸಲ ಬದಲಿಸಬಹುದು. ನಿನ್ನ ವಯಸ್ಸಿನವರಿಗೆ ಇದು ಇಷ್ಟ, ಕಲಿ, ಒಳ್ಳೆಯದೇ. ಆದರೆ ಆ 48ರಲ್ಲಿ ಒಂದು ಆ್ಯಕ್ಸೆಸ್ ಪಾಯಿಂಟಿನ ಟ್ರಂಕ್ ಇರಬಹುದು, ಒಂದು 100ಕ್ಕೆ ಕಟ್ಟಿದ ಹಳೇ ಯಂತ್ರ ಇರಬಹುದು. ಮೊದಲು ಒಂದು ಪೋರ್ಟ್, ಆಮೇಲೆ ಒಂದು ಸ್ವಿಚ್, ಒಂದು ದಿನ ಬಿಟ್ಟು ಉಳಿದದ್ದು. ಬೆರಳು ಜಾರುವುದಕ್ಕೆ ಕೈಯಾರೆ ಬರೆದರೆ ಒಂದು ಪೋರ್ಟಿನ ಮಿತಿ ಇದೆ, ಸ್ಕ್ರಿಪ್ಟಿಗೆ ಆ ಮಿತಿ ಇಲ್ಲ.

ಆಚೆ ತುದಿಯಲ್ಲಿ ಯಂತ್ರದ ಹಿಂದೆ ಮನುಷ್ಯರಿದ್ದಾರೆ. ಲ್ಯಾಬಿನ ಪೋರ್ಟ್ ಮುಟ್ಟುವ ಮುಂಚೆ ಲ್ಯಾಬಿನವರಿಗೆ ಫೋನ್ ಮಾಡಿ ‘ಮೇಡಂ, ಈಗ ಸ್ಯಾಂಪಲ್ ಓಡುತ್ತಿದೆಯಾ?’ ಅಂತ ಕೇಳು. ಐಸಿಯು ಕಡೆಯ ಸ್ವಿಚ್ಚಾದರೆ ಡ್ಯೂಟಿ ಡಾಕ್ಟರಿಗೂ ತಿಳಿಸು, ಎಷ್ಟು ನಿಮಿಷ, ಏನು ನಿಲ್ಲುತ್ತದೆ ಅಂತ ಸ್ಪಷ್ಟವಾಗಿ ಹೇಳು. ‘ನೆಟ್‌ವರ್ಕ್ ಸ್ಲೋ’ ಅಂತ ಯಾರಾದರೂ ಬಂದರೆ ‘ಇಲ್ಲ, ಇಲ್ಲಿಂದ ಸರಿಯಿದೆ’ ಅನ್ನಬೇಡ. ‘ಇಲ್ಲಿಂದ’ ಅಂದರೆ ನಿನ್ನ ತುದಿ. ಅವರ ಕುರ್ಚಿಯ ಪಕ್ಕ ಹೋಗಿ ನಿಂತು, ಅವರು ಮಾಡುವ ಕೆಲಸವನ್ನೇ ಮಾಡಿಸಿ ನೋಡು.

ಈಗ ನಿನಗೊಂದು ಕೆಲಸ ಹೇಳುತ್ತೇನೆ. ಮೊದಲ ವಾರ ಕಾನ್ಫಿಗರ್ ಮೋಡ್‌ಗೆ ಹೋಗಲೇಬೇಡ, ಶೋ ಕಮಾಂಡುಗಳು ಮಾತ್ರ. ಒಂದು ರ‍್ಯಾಕ್ ಆರಿಸಿಕೋ, ಒಂದು ನೋಟ್‌ಬುಕ್ ತೆಗೆದುಕೋ. ಪೋರ್ಟ್ ಪೋರ್ಟಿಗೂ ಆಚೆ ತುದಿ ಏನು, ಯಾವ ಕೋಣೆ, ಯಾರದು, ವೇಗ ಎಷ್ಟು, ಯಾವ ವಿಎಲ್ಯಾನ್, ಎಷ್ಟು ವ್ಯಾಟ್ ಅಂತ ಬರೆದುಕೊಂಡು, ಆಮೇಲೆ ಮೆಟ್ಟಿಲು ಹತ್ತಿ ಹೋಗಿ ಕಣ್ಣಾರೆ ನೋಡಿ ಬಾ. ಡಿಸ್ಕ್ರಿಪ್ಷನ್ ಹೇಳುವುದಕ್ಕೂ ಅಲ್ಲಿ ಇರುವುದಕ್ಕೂ ತಾಳೆಯಾಗದ ಪೋರ್ಟುಗಳು ಖಂಡಿತ ಸಿಗುತ್ತವೆ. ಅವುಗಳ ಪಟ್ಟಿ ಮಾಡಿಕೊಂಡು ಭಾನುವಾರ ಮನೆಗೆ ಬಾ. ಊಟ ಇಲ್ಲೇ ಮಾಡುವೆಯಂತೆ, ಯಾವುದನ್ನು ಮೊದಲು ಸರಿಮಾಡಬೇಕು ಅಂತ ಕೂತು ನೋಡೋಣ.